ಜಾಝ್ ಕಪಾಟಿಗೆ ಕನ್ನಡನಾಡಿನ ತಟ್ಟೆಗಳು

1983ರ ಫೆಬ್ರವರಿ. ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಊರಿನ ಸ್ಟುಡಿಯೋದಲ್ಲಿ ಬೆಂಗಳೂರಿನಿಂದ ಹೋದ ನಾಲ್ವರು ಕಲಾವಿದರು ಮೈಕಿನ ಮುಂದೆ ಕೂತಿದ್ದರು. ಹಾಡುಗಾರಿಕೆ ಆರ್.ಎ. ರಮಾಮಣಿ ಅವರದು. ಮೃದಂಗ ಟಿ.ಎ.ಎಸ್. ಮಣಿ, ಘಟ ಮತ್ತು ಮೋರ್ಸಿಂಗ್ ಆರ್.ಎ. ರಾಜಗೋಪಾಲ್, ಖಂಜಿರ ಟಿ.ಎನ್. ಶಶಿಕುಮಾರ್. ಅವರಿಗೆ ಜತೆಯಾದವರು ಬಾಸ್ಟನ್ ಮೂಲದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ. ಅದೇ ವರ್ಷ ಮ್ಯೂನಿಕ್‌ನ ಇಸಿಎಂ ಸಂಸ್ಥೆ ಆ ಧ್ವನಿಮುದ್ರಣವನ್ನು ‘ಜ್ಯೋತಿ’ ಎಂಬ ಹೆಸರಿನ ಎಲ್‌ಪಿಯಾಗಿ ಹೊರತಂದಿತು. ಸಂಸ್ಥೆಯ ಪಟ್ಟಿಯಲ್ಲಿ ಅದರ ಸಂಖ್ಯೆ 1256.

ಯುರೋಪಿನ ಜಾಝ್ ಸಂಗ್ರಾಹಕರಿಗೆ ಈ ಸಂಖ್ಯೆ ಹೊಸದಲ್ಲ. ಇಸಿಎಂ ತಟ್ಟೆಗಳನ್ನು ಸಂಖ್ಯೆಯ ಅನುಕ್ರಮದಲ್ಲೇ ಕೂಡಿಸುತ್ತ ಹೋಗುವವರು ಅಲ್ಲಿ ಇದ್ದಾರೆ. ಆದರೆ ಆ ತಾಳ, ಬಾಯಲ್ಲೇ ತಾಳದ ಸೊಲ್ಲು ನುಡಿಯುವ ಆ ಕೊನ್ನಕೋಲು ಹೊರಟ ನಾಡಿನಲ್ಲಿ ‘ಜ್ಯೋತಿ’ಯ ಹೆಸರು ಕೇಳಿದವರು ಕಡಿಮೆ. ಜಾಝ್ ಎಂದರೆ ನ್ಯೂಯಾರ್ಕ್, ನ್ಯೂ ಆರ್ಲಿಯನ್ಸ್, ಹೆಚ್ಚೆಂದರೆ ಮುಂಬೈ ಎಂದುಕೊಂಡು ಕಪಾಟು ತುಂಬಿಸಲು ಹೊರಡುವ ಹೊಸಬರಿಗೆ, ಕರ್ನಾಟಕಕ್ಕೇ ಒಂದು ಪುಟ್ಟ ಜಾಝ್ ಸಾಲು ಇದೆಯೆಂಬುದು ತಡವಾಗಿ ತಿಳಿಯುತ್ತದೆ.

ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳಲ್ಲಿ ಕೂತು ಈ ಹವ್ಯಾಸ ಹಿಡಿಸಿಕೊಂಡವರಿಗೆ ಆ ಸಾಲು ಇನ್ನಷ್ಟು ಮುಖ್ಯ. ಇಲ್ಲಿ ಜಾಝ್ ರೆಕಾರ್ಡು ಮಾರುವ ಅಂಗಡಿ ಹುಡುಕಿದರೂ ಸಿಗದು. ಹಾಗೆಂದು ಕಿವಿಗೇನೂ ಬರವಿಲ್ಲ. ಗಣಪತಿ ಪೆಂಡಾಲಿನಲ್ಲೋ ರಾಮೋತ್ಸವದಲ್ಲೋ ಒಂದು ಪೂರ್ತಿ ಕಚೇರಿ ಕೇಳಿದವರು ಜಾಝಿನ ಅರ್ಧ ವ್ಯಾಕರಣವನ್ನು ಆಗಲೇ ಬಲ್ಲರು. ಪಲ್ಲವಿ ಎತ್ತಿಕೊಂಡು, ಒಬ್ಬೊಬ್ಬರಾಗಿ ಮನೋಧರ್ಮಕ್ಕೆ ತಕ್ಕಂತೆ ಬೆಳೆಸಿ, ಮತ್ತೆ ಎಲ್ಲರೂ ಪಲ್ಲವಿಗೆ ಬಂದು ಸೇರುವುದು ಅಲ್ಲೂ ಉಂಟು. ತನಿ ಆವರ್ತನದಲ್ಲಿ ಮೃದಂಗದವರೂ ಘಟದವರೂ ಸವಾಲು ಜವಾಬು ಹಂಚಿಕೊಳ್ಳುವ ಹಾಗೆ ಜಾಝಿನಲ್ಲಿ ಸ್ಯಾಕ್ಸೊಫೋನೂ ಡ್ರಮ್ಮೂ ನಾಲ್ಕು ನಾಲ್ಕು ಅಳತೆಗಳನ್ನು ಹಂಚಿಕೊಂಡು ನುಡಿಸುತ್ತವೆ. ಬೇರೆಯಾಗುವುದು ಸ್ವರಮೇಳದಲ್ಲಿ. ನಮ್ಮಲ್ಲಿ ಶ್ರುತಿ ನಿಂತಲ್ಲೇ ನಿಂತಿರುತ್ತದೆ. ಜಾಝಿನಲ್ಲಿ ಹಿನ್ನೆಲೆಯ ಸ್ವರಗುಚ್ಛಗಳು ಬದಲಾಗುತ್ತ ಹೋಗುತ್ತವೆ, ಅದಕ್ಕೆ ತಕ್ಕಂತೆ ವಾದಕ ದಾರಿ ಹುಡುಕಬೇಕು.

ಈ ಸಂಗೀತ ಸಣ್ಣ ಊರುಗಳಿಗೆ ಮೊದಲು ಬಂದದ್ದು ತಟ್ಟೆಯಿಂದಲ್ಲ, ಶಾರ್ಟ್‌ವೇವ್ ರೇಡಿಯೋದಿಂದ. ವಾಯ್ಸ್ ಆಫ್ ಅಮೆರಿಕದಲ್ಲಿ ವಿಲ್ಲಿಸ್ ಕಾನೋವರ್ 1955ರಿಂದ ಜಾಝ್ ಕಾರ್ಯಕ್ರಮ ನಡೆಸಿದರು. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ತಿಳಿಯಲೆಂದು ನಿಧಾನವಾಗಿ, ಬಿಡಿಬಿಡಿಯಾಗಿ ಮಾತಾಡುತ್ತಿದ್ದರು. ಶೀತಲ ಸಮರದ ಆ ಕಾಲದಲ್ಲಿ ಅಮೆರಿಕ ಸರ್ಕಾರ ತನ್ನ ಜಾಝ್ ತಂಡಗಳನ್ನೇ ಲೋಕ ಸುತ್ತಲು ಕಳಿಸಿತು. ಡೇವ್ ಬ್ರೂಬೆಕ್ 1958ರಲ್ಲಿ ಭಾರತಕ್ಕೆ ಬಂದರು. ಮರಳಿ ಹೋಗಿ ‘ಜಾಝ್ ಇಂಪ್ರೆಷನ್ಸ್ ಆಫ್ ಯುರೇಷಿಯಾ’ ಎಂಬ ತಟ್ಟೆ ಮಾಡಿದರು, ಅದರಲ್ಲಿ ‘ಕಲ್ಕತ್ತಾ ಬ್ಲೂಸ್’ ಎಂಬ ಕೃತಿಯಿದೆ. 1963ರಲ್ಲಿ ಬಂದ ಡ್ಯೂಕ್ ಎಲಿಂಗ್ಟನ್ ಅವರ ‘ಫಾರ್ ಈಸ್ಟ್ ಸ್ವೀಟ್’ 1967ರಲ್ಲಿ ಹೊರಬಂತು. ಆಗ್ರಾಕ್ಕೊಂದು, ದೆಹಲಿಯ ಮೈನಾ ಹಕ್ಕಿಗೊಂದು ರಚನೆ ಅದರಲ್ಲಿವೆ. ಜಾನ್ ಕೋಲ್ಟ್ರೇನ್ ಅವರ ‘ಇಂಡಿಯಾ’ 1961ರ ನವೆಂಬರಿನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಮುದ್ರಣವಾದದ್ದು. ಭಾರತದ ಸಂಗ್ರಾಹಕರು ಸಾಮಾನ್ಯವಾಗಿ ಈ ಮೂರರಿಂದ ಶುರು ಮಾಡುತ್ತಾರೆ. ಮೂರೂ ಹೊರಗಿನವರು ಭಾರತವನ್ನು ನೆನೆದು ಬರೆದ ಸಂಗೀತ. ಕರ್ನಾಟಕದ ಸಾಲು ಹಾಗಲ್ಲ. ಅಲ್ಲಿ ನಮ್ಮವರೇ ಕೂತು ನುಡಿಸಿದ್ದಾರೆ.

ಸಾಲಿನ ಮೊದಲ ಮನೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮಣಿಯವರು ಅದನ್ನು 1964ರಲ್ಲಿ ಕಟ್ಟಿದರು. ಮ್ಯೂನಿಕ್‌ನ ‘ಎಂಬ್ರಿಯೊ’ ಎಂಬ ತಂಡ 1978–79ರಲ್ಲಿ ಬಸ್ಸಿನಲ್ಲೇ ಅಫ್ಘಾನಿಸ್ತಾನ ದಾಟಿ ಭಾರತಕ್ಕೆ ಬಂದಾಗ ಈ ಕಲಾವಿದರ ಪರಿಚಯವಾಯಿತು. ‘ಲೈಫ್’ ಎಂಬ ಎಲ್‌ಪಿ ಆ ಗೆಳೆತನದ ಫಲ. ಎಂಬ್ರಿಯೊದಿಂದ ಕವಲೊಡೆದ ‘ಡಿಸಿಡೆಂಟನ್’ ತಂಡ 1982ರಲ್ಲಿ ತಂದ ‘ಜರ್ಮನಿಸ್ತಾನ್’ನಲ್ಲೂ ಇದೇ ಕಾಲೇಜಿನವರಿದ್ದಾರೆ. ಮರುವರ್ಷ ‘ಜ್ಯೋತಿ’. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಮೊದಲೆರಡರಲ್ಲಿ ರಾಕ್ ಸಂಗೀತದ ಗದ್ದಲ ಜಾಸ್ತಿ. ತಾಳವಾದ್ಯಗಳು ಆ ಗದ್ದಲಕ್ಕೆ ಬೆನ್ನೆಲುಬು. ‘ಜ್ಯೋತಿ’ಯಲ್ಲಿ ಎಲ್ಲವೂ ನಿರಾಳ. ರಮಾಮಣಿಯವರ ಆಲಾಪನೆಗೆ ಮರಿಯಾನೊ ಅಡ್ಡ ಬರುವುದಿಲ್ಲ, ಹಿಂದೆ ಹಿಂದೆ ನಡೆಯುತ್ತಾರೆ. 1960ರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ನಾಗಸ್ವರ ಕಲಿಯತೊಡಗಿದ್ದ ಮನುಷ್ಯ ಅವರು. ಗಮಕಕ್ಕೆ ಎಡೆಬಿಡಬೇಕೆಂಬುದು ಗೊತ್ತಿತ್ತು. ಕೈಯಲ್ಲಿ ಒಂದೇ ತಟ್ಟೆಗಾಗುವಷ್ಟು ದುಡ್ಡಿದ್ದರೆ ಕೊಳ್ಳಬೇಕಾದದ್ದು ಇದನ್ನೇ.

ಎರಡನೆಯ ಮನೆ ಕಡಲ ತೀರದ್ದು. ಬಂಟ್ವಾಳ ತಾಲ್ಲೂಕಿನಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನಿಗೂ ಅದೇ ವಾದ್ಯವಾಗಬೇಕಿತ್ತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಮೇಲೆ ಹುಡುಗ ದಾರಿ ಬದಲಿಸಿದ. ಗಮಕಕ್ಕೆ ಒಗ್ಗದ ಆ ವಾದ್ಯವನ್ನು ಅಲ್ಲಲ್ಲಿ ಮಾರ್ಪಡಿಸಿ, ವರ್ಷಗಟ್ಟಲೆ ಪಟ್ಟು ಹಿಡಿದು ಪಳಗಿಸಿದರು. 1980ರ ಮುಂಬೈ ಜಾಝ್ ಯಾತ್ರಾದಲ್ಲಿ ಅವರ ವಾದನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತಾವೂ ಜತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಹತ್ತಿದ್ದು ಜಾಝ್ ವಲಯದಲ್ಲಿ ಇಂದಿಗೂ ಹೇಳಿಕೊಳ್ಳುವ ಪ್ರಸಂಗ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್, 2004ರಲ್ಲಿ ಪದ್ಮಶ್ರೀ. ಕೊಳಲು ವಾದಕ ಜೇಮ್ಸ್ ನ್ಯೂಟನ್ ಜತೆಗಿನ ‘ಸದರ್ನ್ ಬ್ರದರ್ಸ್’ ಹುಡುಕಿ ಕೊಳ್ಳತಕ್ಕ ಮುದ್ರಿಕೆ.

ಕದ್ರಿಯವರು 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಅವರ ಪ್ರಭಾವ ಕೇಳಬೇಕೆಂದರೆ ತಟ್ಟೆಯೇ ಬೇಕಿಲ್ಲ. ಇಂದು ಹಾಸನ ಸೀಮೆಯ ಎಷ್ಟೋ ಮದುವೆಗಳ ಓಲಗದಲ್ಲಿ, ದೇವರ ಉತ್ಸವಗಳಲ್ಲಿ ಡೋಲಿನ ಪಕ್ಕ ಸ್ಯಾಕ್ಸೊಫೋನ್ ಇರುತ್ತದೆ. ಅಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂನ ವಾದ್ಯಗಾರ 1846ರಲ್ಲಿ ಹಕ್ಕು ಪಡೆದ ವಾದ್ಯ ಇಲ್ಲಿ ಮಂಗಳವಾದ್ಯದ ಪಂಕ್ತಿಗೆ ಸೇರಿಹೋಗಿದೆ.

ಮೂರನೆಯ ಮನೆ ಕಡಲಾಚೆಯದು. ರುದ್ರೇಶ್ ಮಹಾಂತಪ್ಪ ಕನ್ನಡದ ಮನೆತನದವರು. ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಅಮೆರಿಕದ ಕೊಲೊರಾಡೊದ ಬೌಲ್ಡರ್‌ನಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರಜ್ಞರಾಗಿದ್ದರು. ಚಾರ್ಲಿ ಪಾರ್ಕರ್ ಅವರನ್ನು ಕೇಳಿಕೊಂಡು ಬೆಳೆದ ಈ ಆಲ್ಟೊ ಸ್ಯಾಕ್ಸೊಫೋನ್ ವಾದಕನಿಗೆ ಅಣ್ಣ ತಮಾಷೆಗೆಂದು ಕದ್ರಿಯವರ ಮುದ್ರಿಕೆಯೊಂದನ್ನು ಕೊಟ್ಟರಂತೆ. ತಮಾಷೆ ದೊಡ್ಡದಾಯಿತು. 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ತಂದರು, ಪಿಟೀಲಿಗೆ ಎ. ಕನ್ಯಾಕುಮಾರಿ, ಗಿಟಾರಿಗೆ ರೆಜ್ ಅಬ್ಬಾಸಿ. ಅದಕ್ಕೂ ಮೊದಲಿನ, 2004ರ ‘ಮದರ್ ಟಂಗ್’ನಲ್ಲಿ ಭಾರತದ ಭಾಷೆಗಳ ಹೆಸರಿನ ರಚನೆಗಳಿವೆ. ಅವುಗಳಲ್ಲಿ ಒಂದರ ಹೆಸರು ‘ಕನ್ನಡ’. ಭಾರತೀಯ ಮೂಲದವರು ಆಡಿದ ಮಾತಿನ ಏರಿಳಿತವನ್ನೇ ಸ್ವರಕ್ಕಿಳಿಸಿ ಕಟ್ಟಿದ ಕೃತಿಗಳವು. ಇಂಥವನ್ನು ಸಿಡಿಯಲ್ಲೇ ಕೊಳ್ಳಬೇಕಾಗುತ್ತದೆ. ತಟ್ಟೆಯೇ ಬೇಕೆಂದು ಹಟ ಹಿಡಿದವರ ಕೈಗೆ ಒಳ್ಳೆಯ ಸಂಗೀತ ತಪ್ಪಿಹೋಗುವುದು ಇಂಥ ಕಡೆಯೇ.

ಇನ್ನು ಜಾಝ್ ಎಂದು ಹಣೆಯ ಮೇಲೆ ಬರೆದುಕೊಳ್ಳದ, ಆದರೆ ಅದರ ವಾಸನೆಯಿರುವ ಪುಟ್ಟ ತಟ್ಟೆಗಳು ಬೇರೆ. 1968ರ ‘ಜೇಡರ ಬಲೆ’ಯಿಂದ ಕನ್ನಡಕ್ಕೆ ಬಾಂಡ್ ಮಾದರಿಯ ಪತ್ತೇದಾರಿ ಚಿತ್ರಗಳು ಬಂದವು. ರಾಜಕುಮಾರ್ ಸಿಐಡಿ 999, ಸಂಗೀತ ಜಿ.ಕೆ. ವೆಂಕಟೇಶ್. ಕ್ಲಬ್ಬಿನ ದೃಶ್ಯ ಬಂದರೆ ತುತ್ತೂರಿ, ಸ್ಯಾಕ್ಸೊಫೋನ್, ಬಾಂಗೊ ಎಲ್ಲ ಹಾಜರ್. ಈ ಸರಣಿಯ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜಕುಮಾರ್ ಇಂಗ್ಲಿಷ್ ಹಾಡನ್ನೇ ಹಾಡಿಬಿಟ್ಟರು. ಇಂಥ ಚಿತ್ರಗಳ ಇಪಿ ತಟ್ಟೆಗಳಿಗೆ ಈಗ ಹೊರದೇಶದ ಡಿಜೆಗಳಲ್ಲೂ ಗಿರಾಕಿಗಳಿದ್ದಾರೆ. ಗುಜರಿಯವರಿಗೂ ಇದು ತಿಳಿದಿದೆ.

ತಟ್ಟೆ ಸಿಗುವುದಾದರೂ ಎಲ್ಲಿ? ಅರಸೀಕೆರೆಗೆ ಒಂದು ಅನುಕೂಲ ಉಂಟು. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನದ ಕಡೆಯ ಹಳಿ ಬಂದು ಕೂಡುವ ಜಂಕ್ಷನ್ ಇದು. ಬೆಳಗಿನ ರೈಲು ಹಿಡಿದು ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಹಳೇ ಸಾಮಾನಿನ ಬಜಾರು ಸುತ್ತಿ ರಾತ್ರಿಗೆ ಮನೆ ಸೇರಬಹುದು. ಬೇಲೂರಿನ ಕಡೆಯವರಿಗೆ ಇನ್ನೊಂದು ದಿಕ್ಕು: ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟಗಳ ಹಳೆಯ ಬಂಗಲೆಗಳು. ಮನೆ ಖಾಲಿ ಮಾಡುವಾಗ ರೇಡಿಯೋಗ್ರಾಮ್ ಜತೆಗೆ ಇಂಗ್ಲಿಷ್ ತಟ್ಟೆಗಳ ಪೆಟ್ಟಿಗೆ ಸಿಕ್ಕರೆ ಅದೃಷ್ಟ. ಉಳಿದಂತೆ ಎಲ್ಲ ಆನ್‌ಲೈನ್. ವಿದೇಶದಿಂದ ತರಿಸಿದರೆ ಅಂಚೆ ಖರ್ಚು, ಸುಂಕ ಸೇರಿ ತಟ್ಟೆಗಿಂತ ದಾರಿಯೇ ದುಬಾರಿ. ಎರಡು ಮೂರು ಜನ ಸೇರಿ ಒಂದೇ ಪೆಟ್ಟಿಗೆ ತರಿಸುವ ರೂಢಿ ಹುಟ್ಟಿದ್ದು ಇದರಿಂದ.

ಕೈಗೆ ಬಂದ ತಟ್ಟೆಯನ್ನು ಮೊದಲು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ತಿರುಗಣೆಗೆ ಕೊಟ್ಟು ಕಡೆದ ಕಂಬಗಳ ಮೈಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಬಳೆಗೆರೆಯೂ ಬಿಡಿಯಾಗಿ ಕಾಣುವಂತೆ, ಆ ಬೆಳಕಿನಲ್ಲಿ ತಟ್ಟೆಯ ಗೆರೆಗಳ ಸುತ್ತೂ ಅವನ್ನು ಅಡ್ಡ ಹಾಯ್ದ ಗೀರೂ ಕಾಣುತ್ತವೆ. ರೆಕಾರ್ಡಿನ ಮೂಲ ಅಚ್ಚನ್ನು ಕೊರೆಯುವುದೂ ಲೇತ್ ಎಂಬ ತಿರುಗಣೆಯ ಮೇಲೆಯೇ. ಉಗುರಿಗೆ ತಾಕುವ ಗೀರಾದರೆ ಮುಳ್ಳು ಅಲ್ಲಿ ನೆಗೆಯುವ ಸಂಭವ ಹೆಚ್ಚು. ಕಣ್ಣಿಗೆ ಮಾತ್ರ ಕಾಣುವಂಥದ್ದಾದರೆ ಚಿಂತೆಯಿಲ್ಲ. ಮಾರುವವರು ‘ಗುಡ್’ ಎಂದು ದರ್ಜೆ ಕೊಟ್ಟಿದ್ದರೆ ದೂರವಿರುವುದು ಕ್ಷೇಮ. ಈ ವ್ಯಾಪಾರದಲ್ಲಿ ಅದು ಕೆಳಗಿನ ದರ್ಜೆ. ‘ವೆರಿ ಗುಡ್ ಪ್ಲಸ್’ ಇಂದ ಮೇಲಿನದಷ್ಟೇ ನೆಚ್ಚಿಕೊಳ್ಳತಕ್ಕದ್ದು.

ಆಮೇಲೆ ನಡುವಿನ ಲೇಬಲ್ಲಿನ ಸುತ್ತ ಇರುವ ಖಾಲಿ ಜಾಗ. ಅಲ್ಲಿ ಕೊರೆದ ಅಕ್ಷರ, ಅಂಕಿಗಳು ತಟ್ಟೆಯ ಜಾತಕ. ಬ್ಲೂ ನೋಟ್ ಕಂಪನಿಯ ಹಳೆಯ ತಟ್ಟೆಗಳಲ್ಲಿ ‘ಆರ್‌ವಿಜಿ’ ಎಂದಿದ್ದರೆ ಅದು ಧ್ವನಿಮುದ್ರಣಕಾರ ರೂಡಿ ವ್ಯಾನ್ ಗೆಲ್ಡರ್ ಅವರ ಗುರುತು. ಹ್ಯಾಂಕ್ ಮೋಬ್ಲಿಯ 1568ನೇ ಸಂಖ್ಯೆಯ ತಟ್ಟೆಯ ಮೊದಲ ಮುದ್ರಣಕ್ಕೆ ಸಾವಿರಾರು ಡಾಲರ್ ಸುರಿದವರಿದ್ದಾರೆ. ಅರಸೀಕೆರೆಯ ಮೇಷ್ಟರ ಸಂಬಳಕ್ಕೆ ಇದು ಆಗಿಬರುವ ಲೆಕ್ಕವಲ್ಲ. ಆಗಬೇಕಾದ್ದೂ ಇಲ್ಲ. ಮೊದಲ ಮುದ್ರಣವೆಂದರೆ ಒಳ್ಳೆಯ ನಾದ ಎಂಬ ನಂಬಿಕೆಗೆ ಜಾಝಿನ ಅತಿ ಪ್ರಸಿದ್ಧ ತಟ್ಟೆಯೇ ಉತ್ತರ ಕೊಡುತ್ತದೆ. ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಮುದ್ರಣವಾಯಿತು. ಮೊದಲ ದಿನ ಟೇಪ್ ಯಂತ್ರದ ವೇಗ ತುಸು ಹೆಚ್ಚುಕಡಿಮೆಯಾಗಿದ್ದರಿಂದ ಮೊದಲ ಬದಿಯ ಮೂರೂ ರಚನೆಗಳ ಶ್ರುತಿ ತಟ್ಟೆಯಲ್ಲಿ ಸ್ವಲ್ಪ ಏರಿಬಿಟ್ಟಿತು. ತಂಬೂರಿಯ ಜತೆ ಬೆಳೆದ ಕಿವಿಗೆ ಇದು ಸಣ್ಣ ದೋಷವಲ್ಲ. ತಿದ್ದಿದ ಆವೃತ್ತಿ ಬಂದದ್ದು 1992ರಲ್ಲಿ. ಹಾಗಾಗಿ ಶ್ರುತಿ ಸರಿಯಿರುವ ಮರುಮುದ್ರಣ ಕೊಂಡವರು ಕಡಿಮೆ ದುಡ್ಡಿಗೆ ಹೆಚ್ಚು ಸರಿಯಾದ ಸಂಗೀತ ಕೇಳುತ್ತಾರೆ.

ಭಾರತದಲ್ಲೇ ಒತ್ತಿದ ತಟ್ಟೆಗಳ ಮಾತು ಬೇರೆ. ಆಮದಿಗೆ ಬಿಗಿ ನಿರ್ಬಂಧವಿದ್ದ ದಶಕಗಳಲ್ಲಿ ಇಲ್ಲಿನವರು ಕೇಳಿದ್ದು ಬಹುಪಾಲು ಕಲ್ಕತ್ತಾ ಬಳಿಯ ಡಂಡಂ ಕಾರ್ಖಾನೆಯಲ್ಲಿ ಗ್ರಾಮಫೋನ್ ಕಂಪನಿ ಒತ್ತಿದ್ದನ್ನು. ಬೇರೆಡೆ 78 ವೇಗದ ತಟ್ಟೆ ನಿಂತುಹೋದ ಮೇಲೂ ಅಲ್ಲಿ ಅದು ಮುಂದುವರಿಯಿತು. ಬೀಟಲ್ಸ್ ಹಾಡುಗಳೂ 78ರಲ್ಲಿ ಬಂದದ್ದರಿಂದ ವಿದೇಶಿ ಸಂಗ್ರಾಹಕರು ಭಾರತದ ಆ ತಟ್ಟೆಗಳಿಗೆ ಬಾಯಿಬಿಡುತ್ತಾರೆ. ಈ 78ರ ತಟ್ಟೆಗೆ ಬೇಕಾದ ಅರಗು ಲೋಕಕ್ಕೆಲ್ಲ ಹೋಗುತ್ತಿದ್ದುದೂ ಮುಖ್ಯವಾಗಿ ಭಾರತದಿಂದ. 1917ರಲ್ಲಿ ನ್ಯೂಯಾರ್ಕಿನಲ್ಲಿ ಬಂದ ಮೊತ್ತಮೊದಲ ಜಾಝ್ ತಟ್ಟೆಯೂ ಅರಗಿನದೇ. ಅದಕ್ಕೂ ಮೊದಲು, 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಇಂಥ ತಟ್ಟೆಯ ಮೂರು ನಿಮಿಷದಲ್ಲಿ ರಾಗವನ್ನು ಹಿಡಿದಿಡುವುದನ್ನು ತೋರಿಸಿಕೊಟ್ಟಿದ್ದರು. ಅವರ ಕೊನೆಯ ದಿನಗಳು ಕಳೆದದ್ದು ಮೈಸೂರಿನಲ್ಲಿ; 1928ರಲ್ಲಿ ಅರಮನೆಯ ಆಶ್ರಯಕ್ಕೆ ಬಂದವರು 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು.

ಅದೇ ಅರಮನೆ ಮುಂದೆ ಕರ್ನಾಟಕದ ಅತಿದೊಡ್ಡ ರೆಕಾರ್ಡು ಹುಚ್ಚನ್ನು ಕಂಡಿತು. ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ತಟ್ಟೆಗಳನ್ನು ರಾಶಿರಾಶಿ ಕೂಡಿಸಿದ್ದರು. ಸಂಖ್ಯೆ ಇಪ್ಪತ್ತು ಸಾವಿರದಷ್ಟು ಎನ್ನುತ್ತಾರೆ. ಮೈಸೂರಿಗೆ ಬಂದ ಇಎಂಐ ಕಂಪನಿಯ ವಾಲ್ಟರ್ ಲೆಗ್ ಆ ಸಂಗ್ರಹ ಕಂಡು ಬೆರಗಾದರು. ತಮ್ಮ ಮೆಚ್ಚಿನ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ತಟ್ಟೆಗಳು ಬೇಕಾದಷ್ಟು ಇಲ್ಲವೆಂದಾಗ ಮಹಾರಾಜರು ಬೇರೆಯವರ ಹಾಗೆ ಕಾಯಲಿಲ್ಲ. ಲಂಡನ್ನಿನಲ್ಲಿದ್ದ ಮೆಟ್ನರ್ ಸ್ವತಃ ನುಡಿಸಿದ ತಟ್ಟೆಗಳ ಮುದ್ರಣಕ್ಕೇ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಜಾಝ್ ಆ ಕಪಾಟಿನ ಮುಖ್ಯ ವಸ್ತುವಲ್ಲ ನಿಜ. ಆದರೆ ಹೆಸರಾದದ್ದನ್ನು ಬಿಟ್ಟು ತನ್ನ ಕಿವಿ ಮೆಚ್ಚಿದ್ದನ್ನು ಹಿಡಿಯುವ ಸಂಗ್ರಾಹಕನ ಗುಣಕ್ಕೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಕೊಂಡ ಮೇಲೆ ಕಾಪಾಡುವ ಕೆಲಸ. ಇಲ್ಲಿ ಊರಿಗೊಂದು ಶತ್ರು. ಅರಸೀಕೆರೆ ಬಯಲುಸೀಮೆ, ಬೇಸಿಗೆಯ ಧೂಳು ಗೆರೆಯೊಳಗೆ ಕೂತು ಚಟಪಟ ಸದ್ದು ತರುತ್ತದೆ. ಬೇಲೂರು ಮಲೆನಾಡಿನ ಸೆರಗು. ಮಳೆಗಾಲದ ತೇವಕ್ಕೆ ಹೊದಿಕೆಯ ರಟ್ಟಿಗೂ ತಟ್ಟೆಗೂ ಬೂಷ್ಟು ಹಿಡಿಯುತ್ತದೆ. ಎಲ್‌ಪಿಗಳನ್ನು ಡಿಸ್ಟಿಲ್ಡ್ ನೀರಿಗೆ ತುಸು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಗೆರೆಯ ದಿಕ್ಕಿನಲ್ಲೇ ಮೆತ್ತಗೆ ಒರೆಸಬಹುದು. 78ರ ತಟ್ಟೆಗೆ ಮಾತ್ರ ಆಲ್ಕೊಹಾಲ್ ಸೋಕಿಸಬಾರದು, ಅರಗು ಅದರಲ್ಲಿ ಕರಗುತ್ತದೆ. ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿಡಬೇಕು. ಒಂದರ ಮೇಲೊಂದು ಪೇರಿಸಿದರೆ ಸೊಟ್ಟಗಾಗುತ್ತವೆ. ಮುಳ್ಳೂ ಬೇರೆ ಬೇರೆ. 78ರ ಗೆರೆ ಅಗಲ, ಅದಕ್ಕೆ ಸುಮಾರು 75 ಮೈಕ್ರಾನಿನ ಮುಳ್ಳು ಬೇಕು. ಎಲ್‌ಪಿಗೆ 25 ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ. ಕೀಲಿ ಕೊಡುವ ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳಿಗೆ ಎಲ್‌ಪಿ ಕೊಟ್ಟರೆ ಅದರ ಆಯುಸ್ಸು ಅಲ್ಲಿಗೇ ಮುಗಿಯಿತು. ಪ್ರವಾಸಿ ತಾಣಗಳಲ್ಲಿ ಥಳಥಳಿಸುವ ಹಿತ್ತಾಳೆಯ ಕಹಳೆ ಹೊತ್ತು ಕೂತ ‘ಪುರಾತನ’ ಗ್ರಾಮಫೋನುಗಳಂತೂ ಬಹುತೇಕ ಇತ್ತೀಚಿನ ನಕಲುಗಳು. ಅಲಂಕಾರಕ್ಕೆ ಸರಿ, ತಟ್ಟೆಗೆ ಅಪಾಯ.

ಮನೆಯ ಅಟ್ಟದಲ್ಲೋ ತೋಟದ ಮನೆಯಲ್ಲೋ ಹಳೆಯ ತಟ್ಟೆ, ಕ್ಯಾಸೆಟ್ಟುಗಳ ಪೆಟ್ಟಿಗೆಯಿದ್ದು ಅದನ್ನು ಕಿಲೋ ಲೆಕ್ಕಕ್ಕೆ ಹಾಕುವ ಯೋಚನೆಯಿದ್ದರೆ, ಓದುಗರು ಅದಕ್ಕೆ ಮೊದಲು ಲೇಬಲ್ಲುಗಳನ್ನೊಮ್ಮೆ ಓದಬೇಕು. ಹೊದಿಕೆ ಹರಿದಿದ್ದರೂ ಎಸೆಯಬೇಡಿ. ಯಾರು ನುಡಿಸಿದರು, ಎಲ್ಲಿ, ಯಾವಾಗ ಎಂಬುದು ಎಷ್ಟೋ ಸಲ ಅದರ ಬೆನ್ನ ಮೇಲೆ ಮಾತ್ರ ಉಳಿದಿರುತ್ತದೆ. ಕದ್ರಿಯವರ ಹಳೆಯ ಕಚೇರಿಯ ಕ್ಯಾಸೆಟ್ಟೋ ಮಣಿ, ರಮಾಮಣಿಯವರ ಹೆಸರಿರುವ ತಟ್ಟೆಯೋ ಸಿಕ್ಕರೆ ಮಾರುವ ಮುನ್ನ ಒಂದು ಡಿಜಿಟಲ್ ಪ್ರತಿ ಮಾಡಿಸಿಟ್ಟುಕೊಳ್ಳಿ.